ಹದಿನಾಲ್ಕು ಗಂಟೆ

ಮುಚ್ಚಳ ಒಗೆಯುವ ಕಲ್ಲಿನ ಮೇಲಿತ್ತು.
ನಾನೇ ಇಟ್ಟದ್ದು. ಬೇರೆ ಯಾರನ್ನೂ ಬೈಯುವ ಹಾಗಿಲ್ಲ.

ಗುರುವಾರ, ಸಂಜೆ ಆರು. ಹತ್ತನೇ ದಿನದ ಬಿಯರು:
ಮೈಸೂರಿನಿಂದ ತರಿಸಿದ ಬಾರ್ಲಿ,
ಮೊಳಕೆ ಕಟ್ಟಿ ಹುರಿದ ಒಂದು ಸೇರು ರಾಗಿ,
ಕಳೆದ ವರ್ಷ ಒಣಗಿಸಿಟ್ಟ ಕಿತ್ತಳೆ ಸಿಪ್ಪೆ ಒಂದು ಹಿಡಿ.
ಸಿಹಿ ಎಷ್ಟು ಉಳಿದಿದೆ ನೋಡೋಣವೆಂದು
ಬಕೆಟ್ಟು ತೆರೆದು ಸೌಟು ಅದ್ದಿದ್ದೆ ಅಷ್ಟೆ,
ಫೋನು.
"ಸಿಸ್ಟರ್, ಪಾಲಿಬೆಟ್ಟದ ಇಳಿಜಾರಿನಲ್ಲಿ ಜೀಪು ಮಗುಚಿದೆ.
ತೋಟದ ಕೆಲಸದವರು, ಹದಿಮೂರು ಜನ."

ಸೌಟು ಎಲ್ಲಿಟ್ಟೆನೋ ನೆನಪಿಲ್ಲ.
ಕಾಲಲ್ಲಿದ್ದ ಚಪ್ಪಲಿ ಎರಡು ಬೇರೆ ಬೇರೆ ಜೋಡಿಯದೆಂದು
ನಡುರಾತ್ರಿ ಅಮ್ಮತ್ತಿ ಆಸ್ಪತ್ರೆಯ ದೀಪದಲ್ಲಿ ಕಂಡಿತು.

ಡ್ರೈವರ್ ಶಂಸು ಮಾತಾಡುತ್ತಲೇ ನೀಲಿಯಾದ.
ಮುರಿದ ಪಕ್ಕೆಲುಬು ಶ್ವಾಸಕೋಶಕ್ಕೆ ಚುಚ್ಚಿ
ಗಾಳಿ ಇರಬಾರದ ಕಡೆ ಗಾಳಿ ಸೇರಿತ್ತು.
ಎದೆ ತುಂಬ ಗಾಳಿ, ಉಸಿರಿಗೇ ಜಾಗವಿಲ್ಲ.
ಡಾಕ್ಟರು ಪಕ್ಕೆ ಸೀಳಿ ಕೊಳವೆ ತೂರಿಸಿದರು,
ಅದರ ತುದಿಯನ್ನು ಬಾಟಲಿಯ ನೀರಲ್ಲಿ ಮುಳುಗಿಸಿ ಹಿಡಿದೆ.
ಗುಳುಕ್.
ಮತ್ತೆ ಗುಳುಕ್.
ಒಳಗಿನದು ಹೊರಬರಬಹುದು, ಹೊರಗಿನದು ಒಳಹೋಗುವಂತಿಲ್ಲ;
ಎರಡು ಬೆರಳು ನೀರು ಕಾವಲು.

ಹೇಳಬಾರದು, ಆದರೂ ಹೇಳುತ್ತೇನೆ:
ಆಗಲೇ ನನಗೆ ಬಕೆಟ್ಟು ನೆನಪಾದದ್ದು.
ಅದರ ಮುಚ್ಚಳಕ್ಕೂ ಇದೇ ವಿದ್ಯೆ ಸಿಕ್ಕಿಸಿದ್ದೆ,
ಅವಧಿ ಮುಗಿದ ಡ್ರಿಪ್ ಕೊಳವೆ, ಉಪ್ಪಿನಕಾಯಿ ಬಾಟಲಿಯಲ್ಲಿ ನೀರು.
ಒಂಬತ್ತು ರಾತ್ರಿ ಅದರ ಗುಳುಕ್ ಕೇಳುತ್ತ ಮಲಗಿದವಳು.

ಬೆಳಗ್ಗೆ ಎಂಟಕ್ಕೆ ಮನೆ. ಕಳೆಯುವ ಲೆಕ್ಕ ಬಾರದೆ
ಬೆರಳಲ್ಲಿ ಎಣಿಸಿದೆ: ಹದಿನಾಲ್ಕು.
ನೊರೆಯಿಲ್ಲ. ನುಸಿ ಎರಡು; ಒಂದು ಇನ್ನೂ ಈಜುತ್ತಿತ್ತು.
ಮೊದಲ ದಿನವಾಗಿದ್ದರೆ ಗಾಳಿ ಬೇಕು,
ತೋಳು ಸೋಲುವಷ್ಟು ಕಲಕಿ ನಾನೇ ಕುಡಿಸಿದ್ದೆ.
ಹತ್ತನೇ ದಿನ ಅದೇ ಗಾಳಿ ಕಳ್ಳ.

ಬೇಲಿಯಾಚೆಯ ಚಿಣ್ಣವ್ವ ಬಂದಳು,
ನಲವತ್ತು ವರ್ಷ ನೆಲ್ಲಿಕಾಯಿ ವೈನು ಇಳಿಸಿದ ಮೂಗು.
"ಚೆಲ್ಲಬೇಡ. ಕಲಕಬೇಡ. ಮುಚ್ಚು, ಹೋಗಿ ಮಲಗು.
ಹುಳಿ ಹಿಡಿದರೆ ಹಂದಿ ಸಾರಿಗೆ ಹುಯ್ಯೋಣ,
ಈ ವರ್ಷ ಕಾಚಂಪುಳಿಗೆ ಎಂಥಾ ರೇಟು ಗೊತ್ತಾ?"

ನುಸಿ ತೆಗೆದೆ. ಮುಚ್ಚಿದೆ. ಮಲಗಲಿಲ್ಲ.

ಆ ವಾರವೆಲ್ಲ ಎರಡು ಕೊಳವೆಗಳ ನಡುವೆ ಓಡಾಟ.
ವಾರ್ಡಿನಲ್ಲಿ ಗುಳುಕ್ ನಿಂತರೆ ಒಳ್ಳೆಯದು, ಗಾಯ ಕೂಡಿದೆ.
ಮನೆಯಲ್ಲಿ ನಿಂತದ್ದು
ಕೆಲಸ ಮುಗಿಯಿತೆಂದೋ, ಕೆಟ್ಟಿತೆಂದೋ.
ಐದನೇ ದಿನ ಶಂಸುವಿನ ನೀರು ಸುಮ್ಮನಾಯಿತು.
ಕೊಳವೆ ಎಳೆದು ಹೊಲಿಗೆ ಬಿಗಿದಾಗ ಅವನು ಕೇಳಿದ್ದು:
"ಹೆಡ್‌ಲೈಟು ಆರಿಸಿದ್ದರಾ ಯಾರಾದರೂ?
ಇಲ್ಲದಿದ್ದರೆ ಬ್ಯಾಟರಿ ಹೋಗಿರುತ್ತೆ."

ಹದಿಮೂರರಲ್ಲಿ ಒಬ್ಬಳು, ತೋಲಿ,
ನಮ್ಮ ಕೈಗೆ ಬರುವ ಮೊದಲೇ ಹೋಗಿದ್ದಳು.
ಅವಳ ಬಗ್ಗೆ ಇಲ್ಲಿ ಇನ್ನೇನೂ ಬರೆಯಲಾರೆ.

ಮೂರು ವಾರ ಕಳೆದು ಮೊದಲ ಬಾಟಲಿ.
ಕಿತ್ತಳೆ ಮುಂದೆ ಬಂತು, ಹಿಂದೆಯೇ ರಾಗಿ,
ಕೊನೆಗೆ ನಾಲಿಗೆಯ ಬುಡದಲ್ಲಿ
ಮಳೆಗೆ ನೆನೆದ ಔಷಧಿ ಡಬ್ಬದ ರಟ್ಟು, ಒಂಚೂರು.
ಹುಳಿಯಲ್ಲ.
ಚಿಣ್ಣವ್ವ ಎರಡನೇ ಲೋಟ ತಾನೇ ಬಗ್ಗಿಸಿಕೊಂಡಳು:
"ಹುತ್ತರಿಗೆಂದು ಎತ್ತಿಡಬೇಡ.
ಗಾಳಿ ಮುಟ್ಟಿದ್ದು ಕಾಯೋದಿಲ್ಲ."

ಉಳಿದದ್ದು ಇಪ್ಪತ್ತೊಂದು.
ರಾತ್ರಿ ಪಾಳಿ ಮುಗಿಸಿ ಬಂದು, ಬೆಳಗ್ಗೆ ಎಂಟೂವರೆಗೆ,
ಒಗೆಯುವ ಕಲ್ಲಿನ ಮೇಲೆ ಕೂತು ದಿನಕ್ಕೊಂದು ಮುಗಿಸುತ್ತಿದ್ದೇನೆ.
ದಾರಿಯಲ್ಲಿ ಹೋಗುವವರು
ಏನು ಬೇಕಾದರೂ ಅಂದುಕೊಳ್ಳಲಿ.